ಚಾಮರಾಜಪುರಂನ ಬುದ್ಧಿಯಂತ್ರಕ್ಕೆ ನಾನು ಚರಿತ್ರೆಕಾರನಾದದ್ದು

ಮನುಷ್ಯನಂತೆ ಯೋಚಿಸುವ ಯಂತ್ರ ಜಗತ್ತಿನಲ್ಲಿ ಮೊದಲು ಎಲ್ಲಿ ಹುಟ್ಟೀತು ಎಂದು ತೊಂಬತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, ಧೈರ್ಯವಾಗಿ ಹೇಳಿಬಿಡುತ್ತಿದ್ದೆ: ಚಾಮರಾಜಪುರಂನಲ್ಲಿ, ನಮ್ಮ ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ! ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಪಕ್ಕದ ಮನೆಯ ರುದ್ರಪ್ಪನವರು ನಿವೃತ್ತ ಇಂಜಿನಿಯರು. ಅವರ ವಾರಿಗೆಯವರೆಲ್ಲ ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ವಾಕಿಂಗ್ ಹೋಗುತ್ತಿದ್ದಾಗ ಇವರೊಬ್ಬರು ಕಂಪ್ಯೂಟರ್ ತಂದಿಟ್ಟುಕೊಂಡರು.

"ಚೆಸ್ ಆಡೋ ಯಂತ್ರ ಇದೆ, ಲೆಕ್ಕ ಮಾಡೋ ಯಂತ್ರ ಇದೆ. ಆದ್ರೆ ಮನುಷ್ಯನ ಹಾಗೆ ಎಲ್ಲಾ ವಿಷಯಾನೂ ಯೋಚ್ನೆ ಮಾಡೋದು ಇನ್ನೂ ಹುಟ್ಟಿಲ್ಲ, ಮೇಷ್ಟ್ರೇ. ಅದನ್ನ ನಾನು ಮಾಡ್ತಾ ಇದೀನಿ."

"ಎಷ್ಟು ಕಾಲ ಹಿಡಿಯಬಹುದು ಸಾರ್?"

"ಗೌರಿ ಹಬ್ಬದೊಳಗೆ ಮುಗಿಯುತ್ತೆ."

ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುವವನು. ಅನುಮಾನವೇ ನನ್ನ ಕಸುಬು. ತರಗತಿಯಲ್ಲಿ ಎದುರಿನ ಮೇಜು ನಿಜವಾಗಿ ಇದೆಯೋ ಇಲ್ಲವೋ ಎಂದು ಅನುಮಾನಿಸಿದರೆ ಅದಕ್ಕೆ ಸಂಬಳವೂ ಬರುತ್ತದೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸು ಬಂದರೆ ಮಾತ್ರ ಹೆಂಡತಿಯಿಂದ ಬೈಗುಳ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಅನುಮಾನ ನನಗೆ ನನ್ನ ನೆನಪಿನ ಮೇಲೆಯೇ. ಇಂಥ ಮಹತ್ಕಾರ್ಯ ಕಾಂಪೌಂಡಿನ ಆಚೆ ನಡೆದು, ನಾಳೆ "ನೀವು ನೋಡಿದಿರಾ?" ಎಂದು ಜಗತ್ತು ಕೇಳಿದರೆ "ನೋಡಿದ ಹಾಗಿತ್ತು" ಎನ್ನಲಾದೀತೆ? ಆದ್ದರಿಂದ ಮನುಕುಲದ ಹಿತದೃಷ್ಟಿಯಿಂದ, ಈ ಯಂತ್ರದ ಅಧಿಕೃತ ಚರಿತ್ರೆಕಾರನನ್ನಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ನನ್ನಾಕೆ ವಿಮಲಾಳ ಟೇಪ್ ರೆಕಾರ್ಡರನ್ನು ಸರ್ಕಾರ ಜಮೀನು ವಶಪಡಿಸಿಕೊಳ್ಳುವಂತೆ ವಶಪಡಿಸಿಕೊಂಡೆ.

ಮೊದಲ ದಿನವೇ ಒಂದು ಚಾರಿತ್ರಿಕ ದಾಖಲೆ ಸಿಕ್ಕಿತು. ಅದು ರುದ್ರಪ್ಪನವರ ಶ್ರೀಮತಿ ಗಿರಿಜಮ್ಮನವರ ಧ್ವನಿ. ಆ ಮುಂದಿನ ಕೋಣೆಯಲ್ಲಿ ಅವರು ವರ್ಷಗಳಿಂದ ಹೆಂಗಸರಿಗೆ ವಚನದ ಕ್ಲಾಸು ನಡೆಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಕ್ಲಾಸು ವರಾಂಡಾಕ್ಕೆ ಬಿತ್ತು. ಒಂದು ಕಡೆ ಸ್ಕೂಟರು, ಇನ್ನೊಂದು ಕಡೆ ಚಪ್ಪಲಿ, ನಡುವೆ ವಚನ.

"ರೆಕಾರ್ಡ್ ಆಗ್ತಿದೆಯಾ ಮೇಷ್ಟ್ರೇ? ಆಗ್ಲಿ, ಚೆನ್ನಾಗಿ ಆಗ್ಲಿ. ಹಬ್ಬದ ಹಿಂದಿನ ಭಾನುವಾರ ನಮ್ಮ ಕ್ಲಾಸಿನೋರೆಲ್ಲ ಬರ್ತಾರೆ. ಅವರು ಕೇಳಿದ್ದಕ್ಕೆ ಇದು ನೆಟ್ಟಗೆ ಉತ್ತರ ಕೊಟ್ರೆ ಕೋಣೆ ಇದರದ್ದು. ಇಲ್ದಿದ್ರೆ ಇದು ಆಚೆಗೆ, ನಾವು ಒಳಗೆ. ಒಪ್ಪಿಗೇನಾ?"

"ಒಪ್ಪಿಗೆ!" ಎಂದರು ರುದ್ರಪ್ಪನವರು. ಅವರ ಧ್ವನಿಯಲ್ಲಿ ಎಂಥ ವಿಶ್ವಾಸ! ಪಾಪ, ನಾನು ಏನು ಮಾಡಲಿದ್ದೇನೆಂದು ಅವರಿಗೇನು ಗೊತ್ತು?

ಯಂತ್ರಕ್ಕೆ ಆಗ ಪಂಪು, ಫ್ಯೂಸು, ಟ್ರಾನ್ಸ್‌ಫಾರ್ಮರು ಚೆನ್ನಾಗಿ ಗೊತ್ತಿತ್ತು. ಮೊಸರು ಹುಳಿಯಾಗುತ್ತದೆ ಎಂಬುದು ಗೊತ್ತಿರಲಿಲ್ಲ. "ಇನ್ನು ಲೋಕಜ್ಞಾನ ತುಂಬಿದ್ರೆ ಮುಗೀತು" ಎಂದರು ರುದ್ರಪ್ಪನವರು. ಅಷ್ಟರಲ್ಲಿ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಂಪ್ಯೂಟರ್ ಕಡೆ ತಿರುಗಿಯೂ ನೋಡಬಾರದೆಂದು ಡಾಕ್ಟರ ಅಪ್ಪಣೆ.

"ಮೇಷ್ಟ್ರೇ, ಲೋಕಜ್ಞಾನ ನೀವೇ ತುಂಬಿಬಿಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೀರಿ ಸಾಕು. ಒಂದೊಂದು ಸಂಗತಿ ಹಾಕಿದ ಮೇಲೂ ಅದು 'ಎಷ್ಟು ಖಚಿತ?' ಅಂತ ಕೇಳುತ್ತೆ. ಸೊನ್ನೆಯಿಂದ ಹತ್ತರವರೆಗೆ, ನಿಮಗೆ ತಿಳಿದ ಹಾಗೆ ಹಾಕಿ."

ನಿಮಗೆ ತಿಳಿದ ಹಾಗೆ! ನನ್ನಂಥವನಿಗೆ ಯಾರೂ ಹೇಳಬಾರದ ಮಾತು.

'ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ' ಎಂದು ಹೊಡೆದೆ. ಎಷ್ಟು ಖಚಿತ? ಕೈ ನಿಂತಿತು. ಈವರೆಗೆ ಹುಟ್ಟಿದ್ದಾನೆ ಎನ್ನುತ್ತಾರೆ. ನಾಳೆಗೆ ಹೊಣೆ ಯಾರು? ಅದೂ ಅಲ್ಲದೆ ಅಷ್ಟು ಹೊತ್ತಿಗೆ ಎದ್ದು ನಾನು ನೋಡಿದ ನೆನಪಿಲ್ಲ. ಐದು ಹಾಕಿದೆ. ಮೊಸರು ಹುಳಿಯಾಗುತ್ತದೆ: ಚಳಿಗಾಲದಲ್ಲಿ ಹಾಲೇ ಹೆಪ್ಪಾಗುವುದಿಲ್ಲವೆಂದು ವಿಮಲಾ ಗೊಣಗುತ್ತಾಳಲ್ಲ? ಐದು. ಈ ಮನೆಯ ಯಜಮಾನಿಯ ಹೆಸರು ಗಿರಿಜಮ್ಮ: ಜನ ಹಾಗೆ ಕರೆಯುವುದನ್ನು ಕೇಳಿದ್ದೇನೆ, ಅಷ್ಟೆ. ಐದು!

ಪೂರ್ತಿ ಖಚಿತ ಎನ್ನುವುದು ಅಹಂಕಾರ ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿತವನು ನಾನು. ಅದನ್ನು ಯಂತ್ರಕ್ಕೂ ಕಲಿಸುತ್ತಿದ್ದೇನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಒಂದು ಸಂಜೆ 'ಮನೆ ಬೀಗದ ಕೈ ಎಲ್ಲಿರುತ್ತದೆ' ಎಂಬಲ್ಲಿ ತಡವರಿಸುತ್ತಾ ಕೂತಿದ್ದೆ. ನನ್ನನ್ನು ಊಟಕ್ಕೆ ಕರೆಯಲು ಬಂದ ವಿಮಲಾ ಹಿಂದೆ ನಿಂತು ಓದಿದಳು.

"ರೀ, ಇದೊಂದನ್ನ ನಾನು ಹೇಳ್ತೀನಿ, ಹೊಡೀರಿ. ಮನೆ ವಿಷಯ ಏನೂ ಗೊತ್ತಾಗದೆ ಹೋದ್ರೆ ಮನೆಯಾಕೇನ ಕೇಳಬೇಕು."

ಹೊಡೆದೆ. ಅಭ್ಯಾಸಬಲದಿಂದ ಬೆರಳು ಐದರ ಮೇಲೆ ಹೋಯಿತು.

"ಏನದು ಐದು? ಹತ್ತು ಹಾಕ್ರೀ!"

ಹತ್ತು ಹಾಕಿದೆ. ತತ್ತ್ವಶಾಸ್ತ್ರ ತತ್ತ್ವಶಾಸ್ತ್ರವೇ, ಊಟ ಊಟವೇ.

ಭಾನುವಾರ ಬಂತು. ಕೋಣೆ ತುಂಬ ವಚನದ ಕ್ಲಾಸಿನವರು. ಮುಂದಿನ ಕುರ್ಚಿಯಲ್ಲಿ ವಿದ್ಯಾರಣ್ಯಪುರಂನಿಂದ ಬಂದಿದ್ದ ಪುಟ್ಟಗೌರಮ್ಮ, ಎಲ್ಲರಿಗಿಂತ ಹಿರಿಯರು. ರುದ್ರಪ್ಪನವರು ಕಪ್ಪು ಕನ್ನಡಕ ತೆಗೆದು, ಇಸ್ತ್ರಿ ಮಾಡಿದ ಶರ್ಟಿನಲ್ಲಿ ಕಂಪ್ಯೂಟರ್ ಮುಂದೆ ಕೂತರು. ಪ್ರಶ್ನೆ ಹೊಡೆಯುವುದೂ, ಉತ್ತರ ಓದಿ ಹೇಳುವುದೂ ಅವರೇ. ನಾನು ಟೇಪ್ ರೆಕಾರ್ಡರ್ ಒತ್ತಿ ಗಂಟಲು ಸರಿಮಾಡಿಕೊಂಡೆ. "ಮನುಕುಲದ ಚರಿತ್ರೆಯಲ್ಲಿ ಈ ದಿನ..."

"ಆಮೇಲೆ ಹೇಳಿ ಮೇಷ್ಟ್ರೇ, ಒಲೆ ಮೇಲೆ ಹಾಲಿಟ್ಟಿದೀನಿ" ಎಂದರು ಗಿರಿಜಮ್ಮ.

ಪುಟ್ಟಗೌರಮ್ಮ ಮಗುವಿಗೆ ಕೇಳುವಂತೆ ಅಕ್ಕರೆಯಿಂದ ಕೇಳಿದರು: "ಸೂರ್ಯ ಯಾವ ಕಡೆ ಹುಟ್ತಾನಪ್ಪಾ?"

ರುದ್ರಪ್ಪನವರು ಗಟ್ಟಿಯಾಗಿ ಓದಿದರು: "ಪೂರ್ವ... ಇರಬಹುದು. ಖಚಿತವಿಲ್ಲ."



"ಅದ್ಯಾಕಂಗಂತದೆ?" ಎಂದರು ಪುಟ್ಟಗೌರಮ್ಮ. "ಓಗ್ಲಿ ಬುಡಿ, ಇನ್ನೂ ಎಳೇದು. ಮೊಸರು ಇಟ್ರೆ ಉಳಿಯಾಯ್ತದಾ?"

"ಆಗಬಹುದು. ಖಚಿತವಿಲ್ಲ." ರುದ್ರಪ್ಪನವರ ಧ್ವನಿ ಇಳಿಯತೊಡಗಿತ್ತು.

"ಇಲ್ಲಿ ಕೇಳಿ, ನಾನು ಸುಲಭವಾದ್ದು ಕೇಳ್ತೀನಿ" ಎಂದು ಗಿರಿಜಮ್ಮ ಮುಂದೆ ಬಂದರು. "ಈ ಮನೆ ಯಜಮಾನಿ ಹೆಸರೇನು?"

ರುದ್ರಪ್ಪನವರು ಪರದೆ ನೋಡಿದರು. ಹೆಂಡತಿಯನ್ನು ನೋಡಿದರು. ಮತ್ತೆ ಪರದೆ ನೋಡಿದರು.

"ಓದಿ, ಪರವಾಗಿಲ್ಲ."

"ಗಿರಿಜಮ್ಮ... ಇರಬಹುದು."

ನಗೆ ಶುರುವಾದದ್ದು ಹಿಂದಿನ ಸಾಲಿನಿಂದ. ಅಂದರೆ, ನನ್ನ ಹೆಂಡತಿಯಿಂದ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಗಿರಿಜಕ್ಕ, ಇದು ಯಂತ್ರ ಅಲ್ಲ ಕಣ್ರೀ, ನಮ್ಮನೆಯೋರು! ಮದುವೆ ಮಂಟಪದಲ್ಲಿ ಹುಡುಗಿ ಒಪ್ಪಿಗೇನಾ ಅಂತ ಕೇಳಿದಾಗ್ಲೂ ಹಿಂಗೇ ಅಂದಿದ್ರು!"

ರುದ್ರಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ಎಷ್ಟು ಹಾಕಿದ್ರಿ?"

"ಐದು."

"ಎಲ್ಲಕ್ಕೂ?"

"ಎಲ್ಲಕ್ಕೂ ಅಂತ ಖಚಿತವಾಗಿ..."

"ಬಿಡಿ" ಎಂದರು. ಚಾಮರಾಜಪುರಂನ ಸಭ್ಯತೆ ಆ ಮನುಷ್ಯನನ್ನು ಅಲ್ಲಿಗೇ ನಿಲ್ಲಿಸಿತು.

ಗಿರಿಜಮ್ಮನವರಿಗೂ ಗಂಡನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು. "ಹೋಗ್ಲಿ, ಕೊನೇದು ಒಂದು. ಇದಕ್ಕೊಂದು ಖಚಿತವಾಗಿ ಹೇಳ್ಲಿ, ಕೋಣೆ ಇದಕ್ಕೇ ಬಿಟ್ಟುಕೊಡ್ತೀನಿ. ಕೇಳಿ: ಈ ಕೋಣೆ ಯಾರಿಗೆ ಸೇರಬೇಕು?"

ಕೋಣೆಯ ವಿಷಯ ನಾನು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಅದು ತಡಕಾಡಿತು. ಕರಕರ ಸದ್ದು ಮಾಡಿತು. ಉತ್ತರ ಮೂಡಿದಾಗ ರುದ್ರಪ್ಪನವರ ಮುಖ ಅರಳಿತು. "ಖಚಿತ! ಖಚಿತತೆ ಹತ್ತು!" ಎಂದು ಕೂಗಿದರು. ಆಮೇಲೆ ಉಳಿದದ್ದನ್ನು ಓದಿದರು.

"ಮನೆಯಾಕೆಯನ್ನು ಕೇಳಬೇಕು."

"ಕೇಳಿ ಮತ್ತೆ!" ಎಂದರು ಗಿರಿಜಮ್ಮ.

ಬೇರೆ ದಾರಿ ಎಲ್ಲಿತ್ತು? ಆ ಸಭೆಯ ಮುಂದೆ, ಬುದ್ಧಿಯಂತ್ರದ ಜನಕರು ಎದ್ದು ನಿಂತು ಕೇಳಿದರು: "ಗಿರಿಜಾ, ಈ ಕೋಣೆ ಯಾರದ್ದು?"

"ಖಚಿತವಾಗಿ ಉತ್ತರ ಕೊಡ್ತಲ್ಲಾ, ಮಾತಿಗೆ ತಪ್ಪಲ್ಲ. ಕೋಣೆ ಇದಕ್ಕೇ ಬಿಟ್ಟುಕೊಟ್ಟೆ" ಎಂದರು ಗಿರಿಜಮ್ಮ. ಸೆರಗು ಸರಿಮಾಡಿಕೊಂಡು ಮುಂದುವರಿಸಿದರು. "ಆದ್ರೆ ಅದೇ ನನ್ನನ್ನ ಕೇಳು ಅಂತಿದೆಯಲ್ಲಾ, ಏನ್ಮಾಡೋದು? ನಾನು ನಮ್ಮ ಕ್ಲಾಸಿಗೆ ಕೊಡ್ತೀನಿ."

ಚಪ್ಪಾಳೆ! ಯಂತ್ರದ ಪಾಲಿಗೆ ಅಂದು ಬಿದ್ದದ್ದು ಅದೊಂದೇ ಚಪ್ಪಾಳೆ. ಪುಟ್ಟಗೌರಮ್ಮನವರಂತೂ "ಬುದ್ಧಿ ಐತೆ ಕಣಮ್ಮ ಇದ್ಕೆ" ಎಂದು ಅದರ ತಲೆ ಸವರಿದರು.

ಕಾಫಿ ಮುಗಿಯುವುದರೊಳಗೆ ಕಂಪ್ಯೂಟರ್ ಎಲ್ಲಿಗೆ ಎಂಬ ಪ್ರಶ್ನೆ ಎದ್ದಿತು. "ಮೇಷ್ಟ್ರ ಮನೆಗೆ" ಎಂದರು ರುದ್ರಪ್ಪನವರು. "ಸ್ವಲ್ಪ ದಿನ ಅಲ್ಲೇ ಇರ್ಲಿ. ಥೇಟ್ ಅವರ ಹಾಗೇ ಬೆಳೆದಿದೆ."

"ಒಬ್ಬರು ಸಾಲದು ಅಂತ ಇನ್ನೊಂದಾ?" ಎಂದಳು ವಿಮಲಾ. ಆದರೂ ನಡುಮನೆಯಲ್ಲಿ ಜಾಗ ಮಾಡಿಕೊಟ್ಟಳು. ಟೇಪ್ ರೆಕಾರ್ಡರ್ ಮಾತ್ರ ವಾಪಸು ಕಿತ್ತುಕೊಂಡಳು. ಮನೆಗೆ ನೆಂಟರು ಬಂದಾಗಲೆಲ್ಲ ಆ ಕ್ಯಾಸೆಟ್ ಹಾಕುತ್ತಾಳೆ. ಹೀಗಾಗಿ ಇಡೀ ಬದುಕಿನಲ್ಲಿ ಮರೆತುಬಿಡೋಣ ಎನ್ನಿಸಿದ ಒಂದೇ ಒಂದು ಘಟನೆಯ ಬಗ್ಗೆ ನನಗೆ ಯಾವ ಅನುಮಾನಕ್ಕೂ ಅವಕಾಶವಿಲ್ಲ.

ಮೊನ್ನೆ ಕನ್ನಡಕ ಕಾಣಲಿಲ್ಲ. ಮನೆಯೆಲ್ಲ ಹುಡುಕಿ ಸೋತು, ಕಡೆಗೆ ಕಂಪ್ಯೂಟರ್ ಮುಂದೆ ಕೂತು, ಅಕ್ಷರಗಳನ್ನು ತಡವಿಕೊಂಡು 'ನನ್ನ ಕನ್ನಡಕ ಎಲ್ಲಿ' ಎಂದು ಹೊಡೆದೆ. ಏನೋ ಉತ್ತರ ಬಂತು. ಕನ್ನಡಕವಿಲ್ಲದೆ ಓದುವುದು ಹೇಗೆ?

"ವಿಮಲಾ, ಇದೇನು ಹೇಳ್ತಿದೆ ನೋಡು."

ಆಕೆ ಬಂದು ಓದಿದಳು. "ನನ್ನನ್ನ ಕೇಳ್ಬೇಕಂತೆ" ಎಂದು, ಕಂಪ್ಯೂಟರಿನ ತಲೆಯ ಮೇಲೇ ಇದ್ದ ಕನ್ನಡಕ ತೆಗೆದು ನನ್ನ ಕೈಗಿತ್ತಳು.

ಚರಿತ್ರೆಕಾರನಾಗಿ ನಾನು ಇಷ್ಟನ್ನು ದಾಖಲಿಸಲೇಬೇಕು: ಗೌರಿ ಹಬ್ಬದೊಳಗೆ ಯಂತ್ರ ಮನುಷ್ಯನ ಮಟ್ಟಕ್ಕೆ ಬಂದೇ ಬಂದಿತ್ತು. ಯಾವ ಮನುಷ್ಯನ ಮಟ್ಟಕ್ಕೆ ಎಂಬುದನ್ನು ಮಾತ್ರ ದಯವಿಟ್ಟು ನನ್ನ ಮನೆಯಾಕೆಯನ್ನು ಕೇಳಿ.