ಅಂದಾಜಿನಲ್ಲಿ ಅಳೆದ ಸಿಹಿ

ದೊಡ್ಡ ತಪ್ಪನ್ನು ಮನುಷ್ಯ ಹೇಗೋ ಒಪ್ಪಿಕೊಂಡುಬಿಡುತ್ತಾನೆ. ಸಣ್ಣ ಜಂಬವನ್ನು ಒಪ್ಪಿಕೊಳ್ಳುವುದೇ ಕಷ್ಟ. ನನ್ನ ಜಂಬ ಕಣ್ಣಿನದು. ಹೊಸದುರ್ಗಕ್ಕೆ ಹೆಣ್ಣು ನೋಡಲು ಹೋದಾಗ ಮಾವನವರಾಗುವವರು, "ಕಣ್ಣು ಗಿಣ್ಣು ಚೆನ್ನಾಗವೇನಪ್ಪ?" ಎಂದು ಕೇಳಿದ್ದರು. "ಹದ್ದಿನ ಕಣ್ಣು" ಎಂದುಬಿಟ್ಟೆ. ಮದುವೆಯಾದ ಮೇಲೆ ಯಾವ ಮುಖ ಇಟ್ಟುಕೊಂಡು ಕನ್ನಡಕ ಹಾಕಲಿ?

ಎಪ್ಪತ್ತರ ದಶಕದ ಆ ದಿನಗಳಲ್ಲಿ ಹಿರಿಯೂರಿನ ಹತ್ತಿರ, ಕಬ್ಬಿನ ಹೊಸ ತಳಿ ಹುಡುಕುವ ಹೊಲದಲ್ಲಿ ನಾನು ಸಹಾಯಕ. ನಮ್ಮ ಸಾಹೇಬರು ಸಿಹಿಕಬ್ಬನ್ನೂ ಗಟ್ಟಿಮುಟ್ಟಾದ ಕಾಡುಕಬ್ಬನ್ನೂ ಕೂಡಿಸಿ, ಆ ಬೀಜದಿಂದ ನೂರಾರು ಸಸಿ ಎಬ್ಬಿಸಿದ್ದರು. ಒಂದೇ ತಾಯಿಯ ಮಕ್ಕಳಾದರೂ ಒಂದರ ಗುಣ ಇನ್ನೊಂದಕ್ಕಿಲ್ಲ. ಸಕ್ಕರೆ ಹೆಚ್ಚಿರುವ ಬುಡ ಉಳಿಸಿ ಮಿಕ್ಕದ್ದನ್ನು ಕೀಳಬೇಕು. ಕಿತ್ತರೆ ಮುಗಿಯಿತು, ಅಂಥದ್ದು ಮತ್ತೆ ಹುಟ್ಟುವುದಿಲ್ಲ. ಕೂಲಿಗೆ ಬರುತ್ತಿದ್ದ ಗಂಗಮ್ಮ ಜಲ್ಲೆಗೆ ಚುಚ್ಚಿ ಒಂದು ಹನಿ ರಸವನ್ನು ನನ್ನ ಅಳತೆಗಾಜಿನ ಮೇಲೆ ಬಿಡುತ್ತಿದ್ದಳು. ಅದನ್ನು ಬೆಳಕಿಗೆ ಹಿಡಿದು, ಸಕ್ಕರೆ ಎಷ್ಟೆಂದು ತೋರಿಸುವ ಒಳಗಿನ ಗೆರೆ ಓದಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಗೆರೆಗಳೋ ನನಗೆ ದೂಳಿನಲ್ಲಿ ಹೊರಟ ಕುರಿಹಿಂಡಿನ ಹಾಗೆ! ಅಂದಾಜಿನಲ್ಲೇ ಬರೆಯುತ್ತಿದ್ದೆ, ಅದೂ ಬಹಳ ಗಂಭೀರವಾಗಿ.

ಕೀಳುವ ದಿನ ಬಂತು. ಎರಡು ಸಾಲು ಕಿತ್ತಾಗಿತ್ತು. ಮೂರನೆಯ ಸಾಲಿನ ಒಂದು ಬುಡದ ಮುಂದೆ ಗಂಗಮ್ಮ ಅಡ್ಡ ನಿಂತಳು.

"ಇದನ್ನ ಕೀಳಬ್ಯಾಡ್ರಿ ಸ್ವಾಮಿ. ಅವತ್ತು ಬೆರಳಿಗಂಟಿದ್ದು ನೆಕ್ಕಿದ್ದೆ. ಬೆಲ್ಲ ಇದ್ದಂಗೈತೆ."

"ಪುಸ್ತಕದಲ್ಲಿ ಸಪ್ಪೆ ಅಂತ ಇದೆಯಲ್ಲಮ್ಮ."

"ನೀವು ಪುಸ್ತಕ ನೆಕ್ಕಿ ನೋಡಿದ್ರೇನು?"

ಜೊತೆಯವರೆಲ್ಲ ನಕ್ಕರು. ಆ ಸಪ್ಪೆ ನನ್ನ ಅಂದಾಜು ಎಂಬುದು ನನಗೊಬ್ಬನಿಗೇ ಗೊತ್ತು. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಕಬ್ಬು ಹೋಗುತ್ತದೆ. ಕೆಲಸ ನಿಲ್ಲಿಸಿ ನೇರ ಸಾಹೇಬರ ಕೋಣೆಗೆ ಹೋದೆ. "ಸಾರ್, ನನಗೆ ಗೆರೆ ಕಾಣೋದಿಲ್ಲ. ಮೊದಲಿನಿಂದಲೂ" ಎಂದೆ.

ಅವರು ಹೊಲಕ್ಕೆ ಬಂದು ತಾವೇ ಗಾಜು ಹಿಡಿದು ನೋಡಿದರು. ಅಷ್ಟು ಸಿಹಿ ಅವರು ಆ ಹೊಲದಲ್ಲಿ ಕಂಡೇ ಇರಲಿಲ್ಲವಂತೆ. ಆದರೆ ಮುಖದಲ್ಲಿ ನಗೆಯಿಲ್ಲ. ಬದುವಿನ ಮೇಲೆ ಎತ್ತುಗಳಿಗೆಂದು ಸಣ್ಣಗೆ ಕೊಚ್ಚಿ ರಾಶಿ ಹಾಕಿದ್ದ ಕಬ್ಬನ್ನೇ ನೋಡುತ್ತ, "ಆ ಎರಡು ಸಾಲಿನಲ್ಲಿ ಏನೇನಿತ್ತೋ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನವೇ ಚಿತ್ರದುರ್ಗದ ಬಸ್ಸು ಹತ್ತಿದೆ. ಕನ್ನಡಕ ಬಂದ ಮೇಲೆ ಉಳಿದ ಬುಡಗಳನ್ನೆಲ್ಲ ಮತ್ತೆ ಅಳೆದೆವು. ಸಾಹೇಬರ ಅಪ್ಪಣೆಯಂತೆ ಮೊದಲು ಗಂಗಮ್ಮನ ನಾಲಗೆ, ಆಮೇಲೆ ನನ್ನ ಗಾಜು. ಅಷ್ಟಾದ ಮೇಲೆ ಹಳೆಯ ಪುಸ್ತಕ ತೆರೆದು ನನ್ನ ಬರಹವನ್ನು ಮೊದಲ ಸಲ ಸ್ಪಷ್ಟವಾಗಿ ನೋಡಿದೆ. ಪುಟಕ್ಕೆ ಪುಟ ಸುಳ್ಳು. ಅಂಕೆಗಳು ಮಾತ್ರ, ಸುಳ್ಳು ಯಾಕೆ ಹೇಳಲಿ, ಮುತ್ತು ಪೋಣಿಸಿದಂತಿದ್ದವು.