ಸ್ಕೂಟರಿನಲ್ಲಿ ಕೂತು ಓಟ ಕಲಿಸಿದವರು

"ಈ ಊರಿನ ಸೋಮಾರಿತನವನ್ನು ಬೇರುಸಮೇತ ಕಿತ್ತು ಸಮುದ್ರಕ್ಕೆ ಎಸೀತೀನಿ!"

ಅಂಕಣಕಾರರು ಹೀಗೆ ಘೋಷಿಸಿದ್ದು ಯಾವ ವೇದಿಕೆಯ ಮೇಲೂ ಅಲ್ಲ. ಅಡುಗೆಮನೆಯ ಮೇಜಿನ ಮುಂದೆ, ಎರಡನೇ ಸಲ ಬಡಿಸಿಕೊಂಡ ತಿಂಡಿಯನ್ನು ಅಗಿಯುತ್ತ. ಅಂದು ಬೆಳಿಗ್ಗೆಯಷ್ಟೇ ಪತ್ರಿಕೆಯ ಸಂಪಾದಕರು ಫೋನ್ ಮಾಡಿದ್ದರು. ಕಡಲ ದಂಡೆಯಲ್ಲಿ ಓಡಲು ಚಂದದ ದಾರಿಗಳನ್ನು ಕುರಿತು ಲೇಖನ ಬೇಕು. ಹೊಸಬರಿಗೆ ಒಂದು, ಸುಮಾರಾಗಿ ಓಡುವವರಿಗೆ ಒಂದು, ಪಳಗಿದವರಿಗೆ ಒಂದು. ಸಂಜೆಯೊಳಗೆ ಕೈಸೇರಬೇಕು!

"ನೀವು ಓಡಿದ್ದನ್ನ ನಾನು ನೋಡಿರೋದು ಬಸ್ಸಿನ ಹಿಂದೆ ಮಾತ್ರ," ಎಂದಳು ಹೆಂಡತಿ, ತನ್ನ ಔಷಧದಂಗಡಿಯ ಬೀಗದಕೈ ಹುಡುಕುತ್ತ. "ಅದೂ ಸಿಗ್ಲಿಲ್ಲ."

"ಬರೆಯೋದಕ್ಕೆ ಓಡ್ಬೇಕಾಗಿಲ್ಲ ಕಣೇ. ಕಣ್ಣಿದ್ರೆ ಸಾಕು."

"ಕಣ್ಣಲ್ಲಿ ಓಡೋರು ಲೋಕದಲ್ಲಿ ನೀವೊಬ್ರೇ ರೀ!"

"ಅಳಿಯಂದಿರನ್ನ ಅಣಕಿಸ್ಬೇಡ," ಎಂದರು ಅತ್ತೆ, ಹೊಲಿಗೆ ಯಂತ್ರದ ಮೇಲಿಂದ ತಲೆಯೆತ್ತದೆ. "ಓದೋರು ಇರೋದ್ರಿಂದ ತಾನೆ ಬರೆಸ್ತಾರೆ?"

ಓದುವವರು ಎಂದರೆ ಈ ಮನೆಯಲ್ಲಿ ಅತ್ತೆ ಒಬ್ಬರೇ. ಜೀವಮಾನವಿಡೀ ಊರಿನ ಮಕ್ಕಳಿಗೆ ಶಾಲೆಯ ಅಂಗಿ ಹೊಲಿದವರು. ಅಳಿಯನ ಅಂಕಣವನ್ನು ಬಟ್ಟೆ ಕತ್ತರಿಸುವ ಕತ್ತರಿಯಲ್ಲೇ ನೀಟಾಗಿ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಅವರ ಹೃದಯಕ್ಕೆ ಚಿಕಿತ್ಸೆಯಾಗಿತ್ತು. "ಇನ್ನು ನಡೀಬಹುದು, ಮೆಲ್ಲಗೆ ಓಡಲೂಬಹುದು. ಸುಲಭದ ದಾರಿ ನೋಡ್ಕೊಳ್ಳಿ" ಎಂದಿದ್ದರು ಡಾಕ್ಟರು. ಆ ಸುಲಭದ ದಾರಿ ಯಾವುದೆಂದು ಹೇಳುವವರಿಗಾಗಿ ಅತ್ತೆ ಕಾದಿದ್ದರು. ಹೇಳುವ ಮಹಾನುಭಾವರು ಮನೆಯಲ್ಲೇ ಸಿಕ್ಕಿಬಿಟ್ಟರು!

ಅಂಕಣಕಾರರು ಸಮೀಕ್ಷೆಗೆ ಹೊರಟರು. ಸ್ಕೂಟರಿನಲ್ಲಿ.

ದೀಪಸ್ತಂಭದ ಗುಡ್ಡಕ್ಕೆ ಹೋಗುವುದು ನುಣುಪಾದ ಡಾಂಬರು ರಸ್ತೆ. ಸ್ಕೂಟರು ಬೆಣ್ಣೆಯಲ್ಲಿ ಕೂದಲೆಳೆದಂತೆ ಏರಿತು. ಕೆಳಗೆ ಕಡಲು, ಮುಖಕ್ಕೆ ಗಾಳಿ, ಮೈಗೆ ಇಷ್ಟೂ ಆಯಾಸವಿಲ್ಲ! ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ಮೀನುಗಾರಿಕೆ ಬಂದರಿನ ಕಟ್ಟೆಯ ಮೇಲೆ ಒಣಹಾಕಿದ ಬಲೆಗಳ ದೆಸೆಯಿಂದ ನಾಲ್ಕಾರು ಕಡೆ ಬ್ರೇಕ್ ಹಾಕಬೇಕಾಯಿತು. ಹಾಗಾಗಿ ಅದು 'ಸಾಧಾರಣ'. ಕೊನೆಯದು ಮರಳ ದಂಡೆ. ಚಾಪೆ ಹಾಸಿದಂಥ ಸಮತಟ್ಟು ಜಾಗ. ಆದರೆ ಹಿಂದಿನ ಚಕ್ರ ಹೂತುಹೋಯಿತು! ತಳ್ಳಿ, ಎಳೆದು, ಬೆವರಿನಲ್ಲಿ ಮಿಂದು ದಡ ಸೇರಿದ ಅಂಕಣಕಾರರು ಆ ದಾರಿಗೆ ಗೌರವಪೂರ್ವಕವಾಗಿ 'ಪಳಗಿದವರಿಗೆ ಮಾತ್ರ' ಎಂಬ ಬಿರುದು ಕೊಟ್ಟರು.

ಬರೆಯುವಾಗ ಕೈ ಸುಮ್ಮನಿರಬೇಕಲ್ಲ! ಗುಡ್ಡದ ದಾರಿಯ ವರ್ಣನೆಯ ತುದಿಗೆ ಒಂದು ಸಾಲು ತಾನಾಗಿಯೇ ಬಂದು ಕೂತಿತು: "ವಯಸ್ಸಾದವರು, ಹೃದಯದ ಚಿಕಿತ್ಸೆಯಾದವರು ಸಹ ಇಲ್ಲಿ ನಿಶ್ಚಿಂತೆಯಿಂದ ಓಡಬಹುದು." ಯಾರೂ ಕೇಳಿರಲಿಲ್ಲ. ವಾಕ್ಯಕ್ಕೆ ಒಂದು ತೂಕ ಬರಲಿ ಎಂದು ಬರೆದದ್ದು, ಅಷ್ಟೇ. ಅಚ್ಚಿನಲ್ಲಿ ಎಷ್ಟು ಸುಳ್ಳುಗಳು ಹೀಗೆ ಬರೀ ಲಯಕ್ಕಾಗಿ ಹುಟ್ಟುತ್ತವೋ!

ಲೇಖನ ಬಂದ ದಿನ ಅತ್ತೆ ಹೊಸ ಬೂಟು ಹಾಕಿಕೊಂಡು, ಯಾರಿಗೂ ಹೇಳದೆ, ಗುಡ್ಡದ ದಾರಿ ಹಿಡಿದರು. ಮರಳಿ ಬಂದಾಗ ಮುಖ ಬಿಳಿಚಿಕೊಂಡಿತ್ತು. ಮಗಳು ಅವರನ್ನು ನೇರ ಡಾಕ್ಟರ ಬಳಿಗೆ ಕರೆದೊಯ್ದಳು. ಡಾಕ್ಟರು ಪರೀಕ್ಷಿಸಿ, "ಹೃದಯ ಗಟ್ಟಿಮುಟ್ಟಾಗಿದೆ" ಎಂದರು. ಅತ್ತೆ ಮುಗುಳ್ನಕ್ಕು ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಹೊಲಿಗೆ ಯಂತ್ರವನ್ನು ಪಕ್ಕದ ಮನೆಯಾಕೆಗೆ ಕೊಟ್ಟುಬಿಟ್ಟರು. ಮಧ್ಯಾಹ್ನ ಉಣ್ಣೆಯ ಶಾಲು ಹೋಯಿತು. ಸಂಜೆ ಮಗಳನ್ನು ಕರೆದು, ಕಪಾಟಿನ ಯಾವ ಅರೆಯಲ್ಲಿ ಏನಿದೆ ಎಂದು ತೋರಿಸತೊಡಗಿದರು.

"ಏನಮ್ಮ ಇದೆಲ್ಲ?"

"ಸುಲಭದ ದಾರೀಲೇ ನನಗೆ ಮೊದಲ್ನೇ ತಿರುವು ದಾಟೋಕಾಗ್ಲಿಲ್ಲ ಮಗಳೇ. ಡಾಕ್ಟ್ರು ಬಾಯಿಮಾತಿಗೆ ಹೇಳ್ತಾರೆ. ನನಗೆ ಗೊತ್ತಾಗಲ್ವಾ? ನನ್ನ ಎಣ್ಣೆ ತೀರ್ತು."

ಬಾಗಿಲ ಹೊರಗೆ ನಿಂತಿದ್ದ ಅಂಕಣಕಾರರನ್ನು ಹೆಂಡತಿ ನೋಡಿದ ನೋಟವಿದೆಯಲ್ಲ, ಅದಕ್ಕೆ ಅವಳ ಅಂಗಡಿಯಲ್ಲಿ ಮುಲಾಮು ಇರಲಿಲ್ಲ.

"ಹೋಗಿ ಹೇಳ್ರೀ. ಸ್ಕೂಟರ್‌ನಲ್ಲಿ ಕೂತು ಬರೆದದ್ದು ಅಂತ ಹೇಳಿ!"

ಹೋಗಿ ಹೇಳಿದರು. ಅತ್ತೆ ಪ್ರೀತಿಯಿಂದ ಅವರ ಕೈ ತಟ್ಟಿದರು. "ನನ್ನ ಸಮಾಧಾನಕ್ಕೋಸ್ಕರ ನಿಮ್ಮ ಮರ್ಯಾದೆ ನೀವೇ ಕಳ್ಕೋಬೇಡಿ ಅಳಿಯಂದಿರೇ. ಓಡದೇ ಇರೋರು ಯಾರಾದ್ರೂ ಹಂಗೆ ಬರೀತಾರಾ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು! ಅಂದು ಅಂಕಣಕಾರರಿಗೆ ಊಟ ಸೇರಲಿಲ್ಲ. ಆ ತಿರುವಿನಲ್ಲಿ ಅತ್ತೆಯಂತೆ ಇನ್ನೆಷ್ಟು ಮಂದಿ ಎದೆ ಹಿಡಿದು ನಿಂತರೋ! ದಾರಿಯನ್ನು ದೂರದೆ, ತಮ್ಮ ದೇಹವನ್ನೇ ದೂರಿಕೊಂಡು, ತಲೆ ತಗ್ಗಿಸಿ ಮನೆಗೆ ಹೋದವರೆಷ್ಟೋ! ಸಂಪಾದಕರಿಗೆ ಫೋನ್ ಮಾಡಿದರು.

"ತಿದ್ದುಪಡಿನಾ? ಯಾಕ್ರೀ? ಎಲ್ರೂ ಹೊಗಳ್ತಾ ಇದಾರೆ!"

"ಯಾರು ಹೊಗಳ್ತಿರೋದು?"

"ಓದಿದೋರು."

"ಓಡಿದೋರು ಏನಂದ್ರು?"

"ಅವ್ರಿಂದ ಇನ್ನೂ ಸುದ್ದಿ ಇಲ್ಲ."

ಅಂಕಣಕಾರರು ದನಿ ಏರಿಸಿ, ಅದೇ ಪುಟದಲ್ಲಿ ಅಷ್ಟೇ ದೊಡ್ಡ ಜಾಗ ಬೇಕೆಂದು ಹಟ ಹಿಡಿದು ಪಡೆದರು. ಆದರೆ ತಿದ್ದುಪಡಿ ಅಚ್ಚಾಗುವ ತನಕ ಅತ್ತೆ ಕಾಯಬೇಕಲ್ಲ! ಅವರು ಆಗಲೇ ಕನ್ನಡಕ ಯಾರಿಗಾದೀತು ಎಂದು ಯೋಚಿಸುತ್ತಿದ್ದರು.

"ಬಾಯಲ್ಲಿ ಹೇಳಿದ್ರೆ ಅಮ್ಮ ನಂಬಲ್ಲ," ಎಂದಳು ಹೆಂಡತಿ. "ಓಡಿ ತೋರ್ಸಿ."

"ನಾನಾ?"

"ಅಲ್ಲ, ಸ್ಕೂಟರು!"

ಮಾಡಿದ್ದುಣ್ಣೋ ಮಹಾರಾಯ. ಮರುದಿನ ಬೆಳಿಗ್ಗೆ ಗುಡ್ಡದ ರಸ್ತೆಯಲ್ಲಿ ಒಂದು ಮೆರವಣಿಗೆ ಹೊರಟಿತು. ಮುಂದೆ ಅಂಕಣಕಾರರು, ಕಾಲ್ನಡಿಗೆಗೂ ಓಟಕ್ಕೂ ನಡುವಿನ ಯಾವುದೋ ಚಲನೆಯಲ್ಲಿ. ಅವರ ಬೆನ್ನಿಗೇ ಸ್ಕೂಟರು. ಅದನ್ನು ನಡೆಸುವವಳು ಹೆಂಡತಿ. ಹಿಂದಿನ ಸೀಟಿನಲ್ಲಿ, ಒಲ್ಲದ ಮನಸ್ಸಿನಿಂದ ಬಂದ ಅತ್ತೆ, ಕತ್ತರಿಸಿಟ್ಟ ಲೇಖನ ಹಿಡಿದುಕೊಂಡು.

"'ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ದೇಹ ಹಕ್ಕಿಯಂತೆ ಹಗುರಾಗುತ್ತದೆ' ಅಂತ ಇದೆ ಇಲ್ಲಿ. ಆಯ್ತಾ ಅಳಿಯಂದಿರೇ?"

ಉತ್ತರವಾಗಿ ಬಂದದ್ದು ಕಮ್ಮಾರನ ತಿದಿಯಂಥ ಸದ್ದೊಂದು ಮಾತ್ರ.

"'ಎಡಕ್ಕೆ ಹೊರಳಿ ಕಡಲನ್ನು ಕಣ್ತುಂಬಿಕೊಳ್ಳಿ.' ನೋಡಿದ್ರಾ?"

"ಅತ್ತೆ... ನನಗೆ... ಕಪ್ಪು ಚುಕ್ಕಿ... ಮಾತ್ರ ಕಾಣ್ತಿದೆ!"

"ರೀ, ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡಿ!" ಹೆಂಡತಿ ಹಾರ್ನ್ ಹೊಡೆದಳು.

ಮೊದಲ ತಿರುವು ಇನ್ನೂ ಮೇಲಿತ್ತು. ಅಂಕಣಕಾರರ ಮೊಣಕಾಲುಗಳು ಒಂದನ್ನೊಂದು ಕೇಳದೆ ಮಡಿಸಿಕೊಂಡವು. ರಸ್ತೆಬದಿಯ ಹುಲ್ಲಿನ ಮೇಲೆ ಬೋರಲಾಗಿ ಬಿದ್ದು, ತಿಂದದ್ದನ್ನೆಲ್ಲ ಗುಡ್ಡಕ್ಕೆ ಒಪ್ಪಿಸಿದರು.

ಅತ್ತೆ ಗಾಬರಿಯಿಂದ ಇಳಿದರು. ಮಗಳು ನಾಡಿ ಹಿಡಿದು, "ಏನಾಗಿಲ್ಲ. ಬರೀ ಸೊಕ್ಕು ಇಳೀತಿದೆ" ಎಂದ ಮೇಲೆ ಸುತ್ತ ನೋಡಿದರು. ಮೇಲಕ್ಕೆ ನೋಡಿದರು. ಆಮೇಲೆ ಬಿದ್ದವರನ್ನು ದಾಟಿ, ನಿಧಾನಕ್ಕೆ, ನಿಂತು ನಿಂತು, ಒಬ್ಬರೇ ಏರತೊಡಗಿದರು. ತಿರುವಿನ ಬಳಿಯ ಮೋರಿಕಟ್ಟೆ ಮುಟ್ಟಿ ಕೂಗಿದರು:

"ನಾನು ಕೂತಿದ್ದು ಇಲ್ಲಿ! ಇಲ್ಲಿ ತನಕ ಬಂದಿದ್ದೆ ಕಣೇ! ನಿನ್ನ ಗಂಡ ಬಿದ್ದಿರೋದು ನೋಡು, ಅಲ್ಲಿ, ಕೆಳಗೆ!"

ಅತ್ತೆ ಅಲ್ಲೇ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಅಳಿಯನನ್ನೇ ನೋಡಿದರು.

"ಹಂಗಾದ್ರೆ ಸ್ಕೂಟರು ನಿಜ."

ಅಂಕಣಕಾರರು ನೆಲದಿಂದ ತಲೆಯೆತ್ತಲಿಲ್ಲ.

"ನಾನು ಹೊರಡೋದಕ್ಕೆ ತಯಾರಾಗಿದ್ದೆ ಅಳಿಯಂದಿರೇ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಹೆದರಿಕೆ ಕೂಡ ಹೋಗಿತ್ತು."

ಹೆಂಡತಿ ಸ್ಕೂಟರನ್ನು ಮನೆಯ ಕಡೆಗೆ ತಿರುಗಿಸಿದಳು.

ಹೊಲಿಗೆ ಯಂತ್ರ ಆ ಮಧ್ಯಾಹ್ನವೇ ವಾಪಸು ಬಂತು, ಪಕ್ಕದ ಮನೆಯಾಕೆಯ ಗೊಣಗಾಟದ ಸಮೇತ. ಅಂಕಣಕಾರರು ಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ತಿದ್ದುಪಡಿ ಬರೆಯಲು ಕೂತರು. ಬರೆದು ಅತ್ತೆಗೆ ಓದಿ ಹೇಳಿದರು: "ಗುಡ್ಡದ ದಾರಿ ಗಟ್ಟಿಗರಿಗೆ ಮಾತ್ರ. ಹೊಸಬರಿಗೆ, ವಯಸ್ಸಾದವರಿಗೆ ಮರಳ ದಂಡೆಯ ದಾರಿಯೇ ಅತ್ಯಂತ ಸುಲಭ..."

ಹೊಲಿಗೆ ಯಂತ್ರದ ಚಕ್ರ ನಿಂತಿತು.

"ಅಲ್ಲಿ ಓಡಿದೀರಾ?"

"ಇಲ್ಲ ಅತ್ತೆ."

"ಹಂಗಾದ್ರೆ ಏಳಿ."

ಡಾಕ್ಟರನ್ನು ಫೋನಿನಲ್ಲಿ ಕೇಳಿಯಾಯಿತು. ಅವರೂ ಹೂಂ ಎಂದರು. ಸಂಜೆಯ ಹೊತ್ತಿಗೆ ಇಬ್ಬರೂ ದಂಡೆಯಲ್ಲಿದ್ದರು. ಅತ್ತೆ ಅಲೆ ಒದ್ದೆ ಮಾಡಿದ ಗಟ್ಟಿ ಮರಳು ನೋಡಿಕೊಂಡು, ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ, ಮೆಲ್ಲಗೆ ಓಡತೊಡಗಿದರು. ಬೆಳಗಿನ ಗುಡ್ಡವನ್ನು ಇನ್ನೂ ತೊಡೆಗಳಲ್ಲಿ ಹೊತ್ತಿದ್ದ ಅಂಕಣಕಾರರು ಹಿಂದೆ ಹಿಂದೆ ಕುಂಟಿದರು. ನಡುವಿನ ಅಂತರ ಬೆಳೆಯಿತು. ಇನ್ನಷ್ಟು ಬೆಳೆಯಿತು.

"ಅತ್ತೆ! ಸ್ವಲ್ಪ ನಿಲ್ಲಿ! ದಾರಿ ಸುಲಭ ಅಂತಾನೇ ಬರೀಲಾ?"

ಅತ್ತೆ ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ.

"ನನಗೆ ಸುಲಭ! ನಿಮ್ಮದು ನೀವು ಬಂದು ಮುಟ್ಟಿದ್ಮೇಲೆ ಬರ್ಕೊಳ್ಳಿ!"