ನಾಲ್ಕು ದೇಶದ ಬಾಡಿಗೆದಾರ

ದೊಡ್ಡಮ್ಮನ ತಂಗಿ ಮಗಳು ಬೆಳ್ಳಂಬೆಳಿಗ್ಗೆ ಫೋನಿನಲ್ಲಿ ತನ್ನ ಮನೆ ತೋರಿಸದೇ ಇದ್ದಿದ್ದರೆ ದವಡೆ ಮೇಷ್ಟ್ರಿಗೆ ಆ ದಿನ ಯಾವ ತಂಟೆಯೂ ಇರುತ್ತಿರಲಿಲ್ಲ.

ಮೇಷ್ಟ್ರು ಎಂದರೆ ಪಾಠ ಹೇಳುವ ಮೇಷ್ಟ್ರಲ್ಲ. ಹಲ್ಲಿನ ಡಾಕ್ಟರೊಬ್ಬರ ಬಳಿ ಕಟ್ಟುಹಲ್ಲಿನ ಸೆಟ್ಟು ಮಾಡುವವರು. ಬೀದಿಯ ಅರ್ಧಕ್ಕರ್ಧ ಮುದುಕರು ಬಾಯ್ತುಂಬ ನಗುತ್ತಿದ್ದದ್ದು ಅವರ ಕೃಪೆಯಿಂದ. ಮಹಡಿಯ ಮೇಲೆ ಎರಡು ರೂಮು, ಒಂದು ಅಡುಗೆಮನೆ, ಅಂಗಳದ ಕಡೆಗೊಂದು ಬಾಲ್ಕನಿ. ಇಷ್ಟರಲ್ಲೇ ಗಂಡ ಹೆಂಡತಿ ಹಾಯಾಗಿದ್ದರು. ಕೆಳಗಿದ್ದವಳು ಮನೆಯೊಡತಿ. ಇಡೀ ಬೀದಿಗೆ ಅವಳು ದೊಡ್ಡಮ್ಮ.

ಆ ತಂಗಿ ಮಗಳು ಇರುವುದು ದೂರದ ಯಾವುದೋ ಚಳಿದೇಶದಲ್ಲಿ. ಅವಳಿಗೆ ಬ್ರೆಡ್ಡು ಸುಡುವ ಕಾರ್ಖಾನೆಯಲ್ಲಿ ಕೆಲಸ, ಗಂಡನಿಗೆ ಲಿಫ್ಟ್ ರಿಪೇರಿ, ಜೊತೆಗೆ ಅವಳಿ ಮಕ್ಕಳು. ಅವಳ ಮನೆಯಲ್ಲಿ ತೋರಿಸಲು ಹೆಚ್ಚೇನೂ ಇರಲಿಲ್ಲ. ಫೋನನ್ನು ಒಂದು ಸುತ್ತು ತಿರುಗಿಸುವಷ್ಟರಲ್ಲಿ ಮನೆ ಮುಗಿದುಹೋಯಿತು. ಆದರೆ ಅದರ ಬಾಡಿಗೆ ಕೇಳಿದ ದೊಡ್ಡಮ್ಮ ಗರಬಡಿದವಳ ಹಾಗೆ ಕೂತುಬಿಟ್ಟಳು. ಆಮೇಲೆ ಮೆಲ್ಲಗೆ ತಲೆಯೆತ್ತಿ, ಇಷ್ಟು ವರ್ಷ ಯಾರೋ ಕದ್ದು ತಿಂದ ಹಣ್ಣಿನ ಮರವನ್ನು ನೋಡುವ ಹಾಗೆ ತನ್ನದೇ ಮಹಡಿಯನ್ನು ನೋಡಿದಳು. ನೋಡಿ ಮೆಟ್ಟಿಲು ಹತ್ತಿದಳು.

"ಮೇಷ್ಟ್ರೇ, ಮುಂದಿನ ತಿಂಗಳಿಂದ ಬಾಡಿಗೆ ದುಪ್ಪಟ್ಟು."

ಮೇಷ್ಟ್ರ ಬಾಯಲ್ಲಿ ಬ್ರೆಡ್ಡಿನ ತುಂಡಿತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಯಾಕೆ ದೊಡ್ಡಮ್ಮ?"

"ಅಲ್ಲಿ ಇದರ ಅರ್ಧದಷ್ಟು ಮನೆಗೆ ಎಷ್ಟು ಕೊಡ್ತಾರೆ ಗೊತ್ತಾ? ನಾನು ಕೇಳ್ತಿರೋದು ಅದರ ಕಾಲುಭಾಗನೂ ಅಲ್ಲ."

"ಅದು ಅಲ್ಲಿ. ಈ ಮನೆ ಇಲ್ಲಿದೆಯಲ್ಲ..."

"ಎಲ್ಲಿದ್ರೆ ಏನು? ಗೋಡೆ ಗೋಡೆನೇ, ಸೂರು ಸೂರೇ."

ದೊಡ್ಡಮ್ಮನ ಬಾಯಲ್ಲಿದ್ದ ಹಲ್ಲು ಮೇಷ್ಟ್ರದೇ ಕೈಕೆಲಸ. ತಾವು ಮಾಡಿಕೊಟ್ಟ ಹಲ್ಲೇ ತಮ್ಮನ್ನು ಕಚ್ಚುವುದನ್ನು ಅವರು ನೋಡಿದರು. ಅವಳು ಇಳಿದುಹೋದದ್ದೇ ತಡ, ಹೆಂಡತಿ ಶುರು ಮಾಡಿದಳು. "ಊರಿನವರ ಬಾಯೆಲ್ಲ ರಿಪೇರಿ ಮಾಡ್ತೀರಿ, ನಿಮ್ಮ ಬಾಯಿ ಮಾತ್ರ ಹೊತ್ತಿಗೆ ತೆರೆಯಲ್ಲ!"

ಮೇಷ್ಟ್ರು ಕೆಲಸಕ್ಕೆ ಹೋದವರೇ ಡಾಕ್ಟರ ಹತ್ತಿರ ಗೋಳು ತೋಡಿಕೊಂಡರು. ಡಾಕ್ಟರು ಆಗಷ್ಟೇ ಕುರ್ಚಿಯಲ್ಲಿದ್ದ ಅಜ್ಜನೊಬ್ಬನ ಬಾಯಿಗೆ ಹಲ್ಲಿನ ಅಳತೆ ತೆಗೆಯುವ ಅಚ್ಚಿನ ಹಿಟ್ಟು ತುಂಬಿ, ಅದು ಗಟ್ಟಿಯಾಗಲೆಂದು ಕಾಯುತ್ತಿದ್ದರು.

"ಹೋಲಿಸೋದಾದ್ರೆ ಪೂರ್ತಿ ಹೋಲಿಸಬೇಕಪ್ಪ," ಎಂದರು ಡಾಕ್ಟರು. "ಅಲ್ಲಿನ ಬಾಡಿಗೆ ಒಂದನ್ನೇ ತಂದರೆ ಹೇಗೆ? ಅಲ್ಲಿನ ಸೌಕರ್ಯನೂ ತರಲಿ."

"ಊಂ! ಊಂ ಊಂ!" ಎಂದ ಅಜ್ಜ ಕುರ್ಚಿಯಿಂದ.

"ಮಾತಾಡಬೇಡಿ," ಅಂದರು ಡಾಕ್ಟರು. ಆದರೆ ಅಳಿಯ ಪರದೇಶದಲ್ಲಿರುವ ಮನುಷ್ಯನನ್ನು ಇಂಥ ಮಾತಿನಲ್ಲಿ ತಡೆಯುವುದುಂಟೇ? ಹಸಿ ಅಚ್ಚನ್ನು ಬಾಯಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಅಜ್ಜ ಹೇಳಿದ: "ನನ್ನ ಅಳಿಯನ ದೇಶದಲ್ಲಿ ಮನೆ ಮಾಲೀಕನೇ ಫ್ರಿಜ್ಜು, ಒಲೆ, ಮಂಚ ಎಲ್ಲಾ ಕೊಡಬೇಕು! ಕಾನೂನು!"

ಅಚ್ಚು ಹಾಳಾಯಿತು. ಡಾಕ್ಟರು ಬೈದದ್ದು ಮೇಷ್ಟ್ರನ್ನು. ಆದರೂ ಮೇಷ್ಟ್ರ ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಓಡಿದರು.

ಅಂಗಳದಲ್ಲಿ ಆಗಲೇ ಸಭೆ ಸೇರಿತ್ತು. ಪಕ್ಕದ ಮನೆಯ ಟೈಲರ್ ಅಕ್ಕ ಸೂಜಿ ಕಚ್ಚಿಕೊಂಡೇ ಬಂದಿದ್ದಳು. ಎದುರುಮನೆಯ ಟಿಕೆಟ್ ಮಾವನೂ ಇದ್ದ. ಟಿಕೆಟ್ ತಪಾಸಣೆಯ ಕೆಲಸದಿಂದ ನಿವೃತ್ತನಾಗಿದ್ದರೂ ಎದುರಿಗೆ ಬಂದವರನ್ನೆಲ್ಲ ಟಿಕೆಟ್ ಇಲ್ಲದವರ ಹಾಗೆ ನೋಡುವ ಅಭ್ಯಾಸ ಅವನಿಗೆ ಹೋಗಿರಲಿಲ್ಲ.

ಮೇಷ್ಟ್ರು ಏದುಸಿರು ಬಿಡುತ್ತಾ ಫ್ರಿಜ್ಜು, ಒಲೆ, ಮಂಚ ಮೂರನ್ನೂ ಸಭೆಯ ಮುಂದಿಟ್ಟರು.

ದೊಡ್ಡಮ್ಮ ತಲೆದೂಗಿದಳು. "ನ್ಯಾಯ. ನನ್ನ ಹಳೇ ಫ್ರಿಜ್ಜು ಮೂಲೆಯಲ್ಲಿ ಬಿದ್ದಿದೆ, ತಗೊಂಡು ಹೋಗಿ. ಅದಕ್ಕೆ ಬಾಡಿಗೆ ಬೇರೆ ಅಷ್ಟೆ."

"ಫ್ರಿಜ್ಜು ನನ್ನ ಹತ್ರ ಇದೆ!"

"ಎರಡಾಯ್ತು, ಒಳ್ಳೇದೇ ಆಯ್ತಲ್ಲ?"

ಟೈಲರ್ ಅಕ್ಕ ಸೂಜಿ ಬಾಯಿಂದ ತೆಗೆದಳು. "ಪಾಪ, ಮೇಷ್ಟ್ರ ಮೇಲೆ ಜಾಸ್ತಿ ಭಾರ ಹಾಕಬೇಡಿ ದೊಡ್ಡಮ್ಮ. ನಮ್ಮಣ್ಣ ಇರೋ ದ್ವೀಪದಲ್ಲಿ ಬಾಡಿಗೆ ಕಮ್ಮಿ. ನೀರಿಗೆ ಮಾತ್ರ ಮೀಟರ್ರು."

"ನೀರಿಗೆ ಮೀಟರ್ರಾ?" ದೊಡ್ಡಮ್ಮನ ಕಣ್ಣು ಮಿಂಚಿತು. ಬಾಡಿಗೆ ಕಮ್ಮಿ ಎಂಬ ಮಾತು ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು.

"ನನ್ನ ಮಗಳಿರೋ ಕಡೆ," ಎಂದ ಟಿಕೆಟ್ ಮಾವ, ತಾನೂ ಮೇಷ್ಟ್ರಿಗೆ ಉಪಕಾರ ಮಾಡುವ ಉತ್ಸಾಹದಲ್ಲಿ, "ಬಾಡಿಗೆ ಏರಿಸೋ ಹಾಗೇ ಇಲ್ಲ ಕಣ್ರೀ! ಏನಿದ್ರೂ ಮನೆ ಮುಂದೆ ಬಿದ್ದ ಹಿಮ ಬಾಡಿಗೆದಾರನೇ ಗೋರಿ ಹಾಕಬೇಕು, ಅಷ್ಟೆ."

"ಇಲ್ಲಿ ಹಿಮ ಬೀಳಲ್ಲ," ಎಂದರು ಮೇಷ್ಟ್ರು ಗೆದ್ದವರ ಹಾಗೆ.

"ಎಲೆ ಬೀಳುತ್ತಲ್ಲ," ಎಂದಳು ದೊಡ್ಡಮ್ಮ. "ಪೊರಕೆ ಬಾಗಿಲ ಹಿಂದಿದೆ."

ಹೀಗೆ ಊರು ಬಿಟ್ಟು ಹೊರಗೆ ಮಲಗಿಯೂ ಗೊತ್ತಿಲ್ಲದ ಮನುಷ್ಯ ಊಟದ ಹೊತ್ತಿಗೆ ನಾಲ್ಕು ದೇಶಗಳ ಬಾಡಿಗೆದಾರನಾಗಿದ್ದ. ಒಂದು ದೇಶದ ಬಾಡಿಗೆ, ಒಂದು ದೇಶದ ಫ್ರಿಜ್ಜು, ಒಂದು ದೇಶದ ನೀರು, ಇನ್ನೊಂದು ದೇಶದ ಪೊರಕೆ! ಹಿತೈಷಿಗಳು ಇನ್ನೂ ಇಬ್ಬರು ಸೇರಿದ್ದರೆ ಉಸಿರಿಗೂ ಮೀಟರು ಕೂರುತ್ತಿತ್ತು.

ಸಂಜೆ ಪೊರಕೆ ಹಿಡಿದು ನಿಂತ ಗಂಡನನ್ನು ಕಂಡು ಹೆಂಡತಿಗೆ ಅಯ್ಯೋ ಅನ್ನಿಸಿತು. "ಬಂದವರ ಮಾತೆಲ್ಲ ಯಾಕೆ ಕೇಳ್ತೀರಿ? ದೊಡ್ಡಮ್ಮನ ತಂಗಿ ಮಗಳಿಗೇ ಫೋನ್ ಮಾಡಿಸಿ. ಬಾಡಿಗೆ ಒಂದೇ ಹೇಳಿದ್ದಾಳೆ. ಉಳಿದ ಸಂಸಾರದ ಕತೆಯನ್ನೂ ದೊಡ್ಡಮ್ಮನ ಮುಂದೆ ಹೇಳಲಿ."

ಚಳಿದೇಶಕ್ಕೆ ಫೋನ್ ಹೋಯಿತು. ಸಭೆಯೂ ಮತ್ತೆ ಸೇರಿತು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ವಕೀಲರಾದರು.

"ನಿಮ್ಮಿಬ್ಬರ ಸಂಬಳದಲ್ಲಿ ಬಾಡಿಗೆಗೆ ಎಷ್ಟು ಹೋಗುತ್ತಮ್ಮ?"

"ಹತ್ರಹತ್ರ ಅರ್ಧ ಹೋಗುತ್ತೆ. ಉಳಿದಿದ್ದರಲ್ಲಿ ಮನೆ ಬೆಚ್ಚಗಿಡೋದಕ್ಕೆ ಒಂದಿಷ್ಟು, ಮಕ್ಕಳನ್ನ ನೋಡ್ಕೊಳ್ಳೋರಿಗೆ ಒಂದಿಷ್ಟು. ಇಷ್ಟಾದ್ರೂ ಅಡುಗೆಮನೆ ಪೂರ್ತಿ ನಮ್ಮದಲ್ಲ, ಇನ್ನೊಂದು ಸಂಸಾರನೂ ಇದೆ. ಫ್ರಿಜ್ಜಿನಲ್ಲಿ ನಮಗೆ ಕೆಳಗಿನ ಎರಡು ಹಲಗೆ."

"ಕ್ಷೌರಕ್ಕೆಷ್ಟು?" ಎಂದು ಟಿಕೆಟ್ ಮಾವ ಮಧ್ಯೆ ಬಾಯಿ ಹಾಕಿದ.

"ಅಯ್ಯೋ, ಅಷ್ಟು ಕೊಡೋರು ಯಾರು? ನಾನೇ ಕತ್ತರಿಸ್ತೀನಿ," ಎಂದು ಅವಳು ಗಂಡನ ತಲೆಯತ್ತ ಫೋನು ತಿರುಗಿಸಿದಳು. ಆಡು ನುಗ್ಗಿ ಮೇಯ್ದು, ಮಧ್ಯದಲ್ಲಿ ಯಾರೋ ಅಟ್ಟಿದ್ದಕ್ಕೆ ಬಿಟ್ಟು ಓಡಿದ ತೋಟದ ಹಾಗಿತ್ತು ಆ ತಲೆ. ಅವನು ನಾಚಿಕೊಂಡು ಟೋಪಿ ಹುಡುಕಿದ.

ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. "ಇಷ್ಟೆಲ್ಲ ಪಾಡುಪಡ್ತಿದ್ದೀಯಾ ನನ್ನ ಕಂದಾ? ಬೆಳಿಗ್ಗೆ ಹೇಳಲೇ ಇಲ್ಲವಲ್ಲೇ!"

ಅಲ್ಲಿಗೆ ನಿಲ್ಲಿಸಿದ್ದರೆ ಮೇಷ್ಟ್ರು ಬದುಕುತ್ತಿದ್ದರು. ಆದರೆ ಗೆಲ್ಲುವವನ ನಾಲಗೆಗೆ ಕಡಿವಾಣವೆಲ್ಲಿ? ಫೋನು ಹಿಡಿದು ಮಹಡಿ ಹತ್ತಿಯೇಬಿಟ್ಟರು.

"ನಮ್ಮ ಮನೆ ನೋಡಮ್ಮ! ಒಂದೊಂದು ರೂಮಿನಲ್ಲೂ ಒಂದೊಂದು ಸಂಸಾರ ಮಾಡಬಹುದು! ಕಿಟಕಿ ತೆಗೆದರೆ ಪುಕ್ಕಟೆ ಬಿಸಿಲು. ಅಡುಗೆಮನೆ ನೋಡು, ಇಬ್ಬರು ಹೆಂಗಸರು ಎದುರುಬದುರು ನಿಂತರೂ ಮೊಣಕೈ ತಾಗಲ್ಲ. ಮಕ್ಕಳನ್ನ ನೋಡ್ಕೊಳ್ಳೋಕೆ ಈ ಬೀದಿಯಲ್ಲಿ ಕಾಸು ಕೇಳೋರಿಲ್ಲ, ಟೈಲರ್ ಅಕ್ಕ ಎತ್ಕೊಂಡ್ರೆ ವಾಪಸ್ ಕೊಡೋದೇ ಇಲ್ಲ!"

ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. ಮೊಳೆಗೆ ಸಿಕ್ಕಿಕೊಂಡಿತೆಂದು ತಿಳಿದು ಮೇಷ್ಟ್ರು ಬಿಡಿಸಿಕೊಂಡರು.

ಕೆಳಗಿಳಿದಾಗ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಮೇಷ್ಟ್ರೇ, ನನ್ನದು ತಪ್ಪಾಯ್ತು. ಎಲ್ಲರ ಮುಂದೆ ಹೇಳ್ತಿದ್ದೀನಿ, ಬಾಡಿಗೆ ಒಂದು ಕಾಸೂ ಜಾಸ್ತಿ ಮಾಡಲ್ಲ. ಫ್ರಿಜ್ಜು, ನೀರು, ಪೊರಕೆ ಎಲ್ಲಾ ಮಾಫಿ."

ಟೈಲರ್ ಅಕ್ಕ ಚಪ್ಪಾಳೆ ತಟ್ಟಿದಳು. ಟಿಕೆಟ್ ಮಾವ ಮೇಷ್ಟ್ರ ಬೆನ್ನು ತಟ್ಟಿದ. ಮೇಷ್ಟ್ರು ಹೆಂಡತಿಯ ಕಡೆ ನೋಡಿ ಮೀಸೆ ಸವರಿಕೊಂಡರು.

ಅಷ್ಟರಲ್ಲಿ ಫೋನಿನೊಳಗಿಂದ, ಇಷ್ಟು ಹೊತ್ತು ತುಟಿ ಬಿಚ್ಚದಿದ್ದ ಲಿಫ್ಟ್ ರಿಪೇರಿಯವನು ಮಾತಾಡಿದ. ಅಷ್ಟರಲ್ಲಾಗಲೇ ಅವನಿಗೆ ಟೋಪಿ ಸಿಕ್ಕಿತ್ತು.

"ದೊಡ್ಡಮ್ಮ, ಲಿಫ್ಟು ಎಲ್ಲಾ ಊರಲ್ಲೂ ಕೆಡುತ್ತೆ. ಇವರು ಹೇಳಿದ್ದು ಕೇಳಿದ ಮೇಲೆ ನಾವಿಲ್ಲಿ ಯಾಕಿರಬೇಕು ಅನ್ನಿಸ್ತಿದೆ. ನಾವು ನಾಲ್ಕೂ ಜನ ಬಂದುಬಿಡ್ತೀವಿ. ನಮಗೆ ಒಂದು ರೂಮು ಸಾಕು."

"ಬನ್ನಿ ಕಂದಾ, ನಾಳೆಯೇ ಬನ್ನಿ!" ಎಂದು ದೊಡ್ಡಮ್ಮ ಮತ್ತೆ ಅತ್ತಳು. ಆಮೇಲೆ ಮೇಷ್ಟ್ರ ಕೈ ಹಿಡಿದುಕೊಂಡಳು. "ಇವತ್ತು ನಮ್ಮ ಸಂಸಾರ ಒಂದು ಮಾಡಿಬಿಟ್ರಿ ಮೇಷ್ಟ್ರೇ. ನನ್ನ ಕಡೆ ಜಾಗ ಇಲ್ಲ, ನೀವೇ ಹೇಳಿದ ಹಾಗೆ ನಿಮ್ಮ ಒಂದೊಂದು ರೂಮೂ ಒಂದೊಂದು ಸಂಸಾರಕ್ಕಾಗುತ್ತೆ. ಒಂದು ಅವರಿಗೆ, ಒಂದು ನಿಮಗೆ. ಅಡುಗೆಮನೆ ಇಬ್ಬರಿಗೂ. ಬಾಡಿಗೆ ಮಾತ್ರ ನಾನು ಕೊಟ್ಟ ಮಾತೇ ಮಾತು, ಇಷ್ಟು ದಿನ ಕೊಡ್ತಿದ್ದಷ್ಟೇ ಕೊಟ್ಟರೆ ಸಾಕು."

ಎಲ್ಲರೂ ಮತ್ತೊಮ್ಮೆ ಚಪ್ಪಾಳೆ ತಟ್ಟಿದರು. ಏನಾಯಿತೆಂದು ತಿಳಿಯುವ ಮೊದಲೇ ಮೇಷ್ಟ್ರೂ ಎರಡು ಸಲ ತಟ್ಟಿದ್ದರು.

ಮೆಟ್ಟಿಲು ಹತ್ತುವಾಗ ಹೆಂಡತಿ ಮೆಲ್ಲಗೆ ಕೇಳಿದಳು. "ಅಲ್ಲಾ, ಅರ್ಧ ಮನೆಗೆ ಪೂರ್ತಿ ಬಾಡಿಗೆ ಅಂದ್ರೆ, ಬೆಳಿಗ್ಗೆ ಕೇಳಿದ ದುಪ್ಪಟ್ಟೇ ಆಗಲಿಲ್ವೇನ್ರೀ?"